ಎಡಗಂಬದಿಂದ ದೂರ ಸರಿದ ಒಂದು ಹೆಜ್ಜೆ

ಫುಟ್‌ಬಾಲ್ ತಂಡದ ಹನ್ನೊಂದು ಮಂದಿಯಲ್ಲಿ ಗೋಲ್‌ಕೀಪರನ ವೃತ್ತಿಜೀವನವನ್ನು ಜನ ನೆನಪಿನಲ್ಲಿ ಇಟ್ಟುಕೊಳ್ಳುವ ರೀತಿ ಉಳಿದ ಹತ್ತು ಮಂದಿಯದಕ್ಕಿಂತ ಬೇರೆಯಾದುದು. ಮುಂಪಡೆಯ ಆಟಗಾರನ ಹೆಸರಿನ ಮುಂದೆ ಅವನು ಹೊಡೆದ ಗೋಲುಗಳ ಲೆಕ್ಕ ಬೆಳೆಯುತ್ತ ಹೋಗುತ್ತದೆಯೇ ಹೊರತು ಅವನು ಕೈಚೆಲ್ಲಿದ ಅವಕಾಶಗಳನ್ನು ಯಾರೂ ಎಣಿಸಿ ಇಡುವುದಿಲ್ಲ. ಗೋಲ್‌ಕೀಪರನ ಪಾಲಿಗಾದರೋ ತಡೆದ ಚೆಂಡುಗಳು ಆ ಸಂಜೆಗೇ ಮಾಸಿಹೋಗಿ, ತಡೆಯಲಾಗದೆ ಹೋದವು ಮಾತ್ರ ವರ್ಷಗಟ್ಟಲೆ ಬಾಳುತ್ತವೆ. ಈ ಅಸಮತೋಲವನ್ನು ಆಟದ ನಿಯಮಗಳೇ ಒಂದು ಮಟ್ಟಿಗೆ ಹುಟ್ಟಿಸಿವೆ, ಏಕೆಂದರೆ 1912ರಿಂದ ಈಚೆಗೆ ಗೋಲ್‌ಕೀಪರನು ಪೆನಾಲ್ಟಿ ಆವರಣದೊಳಗೆ, ಅಂದರೆ ಗೋಲುಗೆರೆಯಿಂದ 16.5 ಮೀಟರ್ ಮುಂದಕ್ಕೆ ಚಾಚಿದ ಆಯತದೊಳಗೆ ಮಾತ್ರ, ಕೈ ಬಳಸಬಲ್ಲವನಾಗಿದ್ದು, 7.32 ಮೀಟರ್ ಅಗಲ ಮತ್ತು 2.44 ಮೀಟರ್ ಎತ್ತರದ ಬಾಯನ್ನು ಕಾಯುವ ಹೊಣೆ ಅವನೊಬ್ಬನ ಮೇಲೆಯೇ ಬೀಳುತ್ತದೆ. ಆದರೆ ನಿಯಮಗಳಿಂದ ಮಾತ್ರ ವಿವರಿಸಲಾಗದ ಒಂದು ವೃತ್ತಿಜೀವನವಿದೆ. ಅದು ಬ್ರೆಜಿಲ್ ದೇಶದ ಮೊವಾಸಿರ್ ಬಾರ್ಬೋಸಾ ಅವರದು. ಸುಮಾರು ಎರಡು ದಶಕಗಳ ಕಾಲ ಗೋಲುಕಂಬಗಳ ನಡುವೆ ನಿಂತ ಈ ಆಟಗಾರನನ್ನು ಅವರ ದೇಶ 1950ರ ಜುಲೈ 16ರ ಒಂದು ಮಧ್ಯಾಹ್ನದ, ಅದರಲ್ಲಿಯೂ ಒಂದೇ ಒಂದು ಹೆಜ್ಜೆಯ ಮೂಲಕ ಗುರುತಿಸಿತು. ಆ ಹೆಜ್ಜೆ ತಪ್ಪಾಗಿರಲಿಲ್ಲ, ಗೋಲ್‌ಕೀಪರನ ಕಸುಬು ಬಲ್ಲವರು ಒಪ್ಪಲೇಬೇಕಾದ ಲೆಕ್ಕಾಚಾರ ಅದರ ಹಿಂದಿತ್ತು ಎಂಬುದು ಈ ಬರಹದ ನಿಲುವು. ಅದನ್ನು ಹೇಳಬೇಕಾದರೆ ಆ ಮಧ್ಯಾಹ್ನಕ್ಕೆ ಮೊದಲಿನ ವರ್ಷಗಳಿಂದಲೇ ಆರಂಭಿಸಬೇಕಾಗುತ್ತದೆ.

ಬಾರ್ಬೋಸಾ ಜನಿಸಿದ್ದು 1921ರ ಮಾರ್ಚ್ 27ರಂದು, ಸಾವ್ ಪಾವ್ಲೊ ರಾಜ್ಯದ ಕಾಂಪಿನಾಸ್ ನಗರದಲ್ಲಿ. ಕಪ್ಪು ಜನಾಂಗಕ್ಕೆ ಸೇರಿದ ಅವರು ಹುಟ್ಟುವಾಗ ಬ್ರೆಜಿಲ್‌ನಲ್ಲಿ ಗುಲಾಮಗಿರಿ ರದ್ದಾಗಿ 33 ವರ್ಷಗಳಷ್ಟೇ ಕಳೆದಿದ್ದವು. ಅಮೆರಿಕ ಖಂಡಗಳಲ್ಲಿ ಆ ಪದ್ಧತಿಯನ್ನು ಕೊನೆಯದಾಗಿ, 1888ರಲ್ಲಿ, ಕೈಬಿಟ್ಟ ದೇಶ ಅದು. ಆರಂಭದಲ್ಲಿ ಅವರು ಮೈದಾನದ ಅಂಚಿನಲ್ಲಿ ಓಡುವ ವಿಂಗರ್ ಆಗಿ ಹವ್ಯಾಸಿ ತಂಡಗಳಲ್ಲಿ ಆಡಿ, ಆಮೇಲೆ ಗೋಲುಕಂಬಗಳ ನಡುವೆ ಬಂದು ನಿಂತವರು. ಅಂಚಿನಿಂದ ಚೆಂಡನ್ನು ಒಳಗೆ ತೂರುವವನ ಮನಸ್ಸು ಹೇಗೆ ಕೆಲಸ ಮಾಡುತ್ತದೆಂಬುದನ್ನು ಅವರು ಕಾಲಿನಿಂದಲೇ ಕಲಿತಿದ್ದರೆನ್ನುವ ಈ ಸಣ್ಣ ವಿವರ ಮುಂದಿನ ಕಥೆಗೆ ಮುಖ್ಯವಾದುದು. ಸಾವ್ ಪಾವ್ಲೊ ನಗರದ ಇಪಿರಾಂಗಾ ಕ್ಲಬ್ಬಿನಲ್ಲಿ ಹೆಸರು ಮಾಡಿದ ಮೇಲೆ, 1945ರಲ್ಲಿ ಅವರು ರಿಯೊ ಡಿ ಜನೈರೊ ನಗರದ ವಾಸ್ಕೊ ಡ ಗಾಮ ಕ್ಲಬ್ಬಿಗೆ ಬಂದರು.

ಈ ಕ್ಲಬ್ಬಿನ ಹೆಸರು ಕನ್ನಡ ಓದುಗರಿಗೆ ಶಾಲಾ ಪಠ್ಯಪುಸ್ತಕದಿಂದ ಪರಿಚಿತವಾದುದೇ. 1498ರಲ್ಲಿ ಕಲ್ಲಿಕೋಟೆಯ ತೀರಕ್ಕೆ ಬಂದಿಳಿದ ಪೋರ್ಚುಗೀಸ್ ನಾವಿಕನ ಪಯಣಕ್ಕೆ ನಾನೂರು ವರ್ಷ ತುಂಬಿದ 1898ರಲ್ಲಿ, ರಿಯೊದ ಪೋರ್ಚುಗೀಸ್ ವಲಸಿಗರು ತಮ್ಮ ಸಂಘಕ್ಕೆ ಆತನ ಹೆಸರಿಟ್ಟುಕೊಂಡರು. ಬಾರ್ಬೋಸಾ ಅವರ ಬಾಳಿನ ದೃಷ್ಟಿಯಿಂದ ಇದಕ್ಕಿಂತ ಹೆಚ್ಚಿನದಾದ ಸಂಗತಿಯೊಂದು ಆ ಕ್ಲಬ್ಬಿನ ಚರಿತ್ರೆಯಲ್ಲಿದೆ. 1923ರಲ್ಲಿ ವಾಸ್ಕೊ ತಂಡ ಕಪ್ಪು, ಮಿಶ್ರವರ್ಣದ ಮತ್ತು ಬಡ ಕಾರ್ಮಿಕ ವರ್ಗದ ಆಟಗಾರರನ್ನು ಕಟ್ಟಿಕೊಂಡು ರಿಯೊ ಚಾಂಪಿಯನ್‌ಶಿಪ್ ಗೆದ್ದಾಗ, ಸಿರಿವಂತ ಬಿಳಿಯರ ಕ್ಲಬ್ಬುಗಳು ಮರುವರ್ಷ ಬೇರೆಯದೇ ಲೀಗ್ ರಚಿಸಿ, ಹನ್ನೆರಡು ಆಟಗಾರರನ್ನು ಕೈಬಿಟ್ಟರೆ ಮಾತ್ರ ವಾಸ್ಕೊಗೆ ಪ್ರವೇಶವೆಂಬ ಷರತ್ತು ಹಾಕಿದವು. ಕ್ಲಬ್ಬಿನ ಅಧ್ಯಕ್ಷರು ಪತ್ರ ಬರೆದು ಆ ಷರತ್ತನ್ನು ನಿರಾಕರಿಸಿದರು. ರಾಷ್ಟ್ರೀಯ ತಂಡದ ಅಂಗಿ ಕೊಡದ ನೆರಳನ್ನು ಬಾರ್ಬೋಸಾ ಅವರಿಗೆ ಕೊನೆಯವರೆಗೂ ಕೊಟ್ಟದ್ದು ಈ ಕ್ಲಬ್ಬಿನ ಅಂಗಿಯೇ ಎಂಬುದನ್ನು ಗಮನಿಸಿದರೆ, ಆ ಪತ್ರದ ಮಹತ್ವ ಇನ್ನೂ ಸ್ಪಷ್ಟವಾಗುತ್ತದೆ.

ಅವರು ಸೇರಿದ ಕಾಲದ ವಾಸ್ಕೊ ತಂಡಕ್ಕೆ ‘ವಿಜಯದ ಎಕ್ಸ್‌ಪ್ರೆಸ್’ ಎಂಬ ಅಡ್ಡಹೆಸರಿತ್ತು. 1945, 1947, 1949, 1950 ಮತ್ತು 1952ರಲ್ಲಿ ಆ ತಂಡ ರಿಯೊ ಚಾಂಪಿಯನ್‌ಶಿಪ್ ಗೆದ್ದಿತು. 1948ರಲ್ಲಿ ಚಿಲಿ ದೇಶದ ಸಾಂಟಿಯಾಗೊದಲ್ಲಿ ದಕ್ಷಿಣ ಅಮೆರಿಕದ ಚಾಂಪಿಯನ್ ಕ್ಲಬ್ಬುಗಳು ಸೇರಿ ಆಡಿದ ಪಂದ್ಯಾವಳಿಯಲ್ಲಿಯೂ ವಾಸ್ಕೊ ಅಗ್ರಸ್ಥಾನ ಪಡೆಯಿತು. ಪ್ರಶಸ್ತಿಯನ್ನು ನಿಶ್ಚಯಿಸಿದ ಪಂದ್ಯದಲ್ಲಿ ಎದುರಾಳಿಯಾಗಿದ್ದುದು ಅರ್ಜೆಂಟೀನಾದ ರಿವರ್ ಪ್ಲೇಟ್, ಆಲ್ಫ್ರೆಡೊ ಡಿ ಸ್ಟೆಫಾನೊ ಅವರಂಥವರಿದ್ದ ತಂಡ. ಪಂದ್ಯ ಗೋಲಿಲ್ಲದೆ ಮುಗಿಯಿತು, ಹಾಗೆ ಮುಗಿಯಲು ಕಾರಣರಾದವರು ಏಂಜೆಲ್ ಲಬ್ರೂನಾ ಅವರ ಪೆನಾಲ್ಟಿ ಒದೆತವನ್ನು ತಡೆದ ಬಾರ್ಬೋಸಾ. ಮರುವರ್ಷ ಬ್ರೆಜಿಲ್‌ನಲ್ಲಿಯೇ ನಡೆದ ದಕ್ಷಿಣ ಅಮೆರಿಕ ಚಾಂಪಿಯನ್‌ಶಿಪ್‌ನಲ್ಲಿ ರಾಷ್ಟ್ರೀಯ ತಂಡ ಅಂತಿಮ ಮರುಪಂದ್ಯದಲ್ಲಿ ಪರಾಗ್ವೆಯನ್ನು 7-0ರಿಂದ ಸೋಲಿಸಿದಾಗಲೂ ಗೋಲು ಕಾಯುತ್ತಿದ್ದವರು ಅವರೇ. 1950ರ ಹೊತ್ತಿಗೆ, ಇಡೀ ಖಂಡದಲ್ಲಿಯೇ ಅತ್ಯುತ್ತಮ ಗೋಲ್‌ಕೀಪರ್ ಯಾರೆಂದು ಕೇಳಿದರೆ ಬಾರ್ಬೋಸಾ ಅವರ ಹೆಸರು ಹೇಳುವವರು ಬ್ರೆಜಿಲ್‌ನ ಹೊರಗೂ ಇದ್ದರು.

ಅವರ ಆಟದ ಒಂದು ವಿಶೇಷವನ್ನು ಇಲ್ಲಿ ವಿವರಿಸುವುದು ಅವಶ್ಯ. ಬಾರ್ಬೋಸಾ ಬರಿಗೈಯಲ್ಲಿ ಆಡುತ್ತಿದ್ದರು. ಇಂದಿನ ಗೋಲ್‌ಕೀಪರನ ಕೈಗವಸಿನ ಅಂಗೈಗೆ ಮೆತ್ತನೆಯ, ಅಂಟುವ ಗುಣವುಳ್ಳ ಪದರವಿರುತ್ತದೆ. ಅದು ಒದೆತದ ರಭಸವನ್ನು ತಾನು ಹೀರಿಕೊಂಡು, ಒದ್ದೆಯಾದ ಚೆಂಡು ಜಾರದಂತೆಯೂ ನೋಡಿಕೊಳ್ಳುತ್ತದೆ. ಅಂದಿನ ತೊಗಲಿನ ಚೆಂಡಾದರೋ ಮಳೆನೀರು ಕುಡಿದು ಭಾರವಾಗುತ್ತಿತ್ತು, ಅದನ್ನು ಬರಿಯ ಬೆರಳುಗಳಿಂದ ಎದುರಿಸಿದ ಅವರ ಎರಡೂ ಕೈಗಳು ಹಲವು ಬಾರಿ ಮುರಿದು ಕೂಡಿಕೊಂಡು, ಮುಪ್ಪಿನಲ್ಲಿ ಗಂಟುಗಂಟಾಗಿ ಕಾಣುತ್ತಿದ್ದವು. ಚೆಂಡಿನ ಸ್ಪರ್ಶವನ್ನು ನೇರವಾಗಿ ಅರಿಯುವುದೇ ಒಳ್ಳೆಯದೆಂದು ನಂಬಿದ್ದ ಆ ತಲೆಮಾರಿನವರಿಗೆ ಕಣ್ಣಿನ ಮತ್ತು ಕಾಲಿನ ಮುಂದಾಲೋಚನೆಯೇ ಮುಖ್ಯ ಆಯುಧವಾಗಿತ್ತು: ಚೆಂಡು ಬಂದ ಮೇಲೆ ಹಾರುವುದಕ್ಕಿಂತ, ಅದು ಬರುವ ಜಾಗವನ್ನು ಮೊದಲೇ ಊಹಿಸಿ ಅಲ್ಲಿಗೆ ಸರಿದು ನಿಲ್ಲುವುದು. ಎತ್ತರದಲ್ಲಿ ಸಾಧಾರಣರಾಗಿದ್ದ ಬಾರ್ಬೋಸಾ ಈ ಕಲೆಯಲ್ಲಿ ನಿಪುಣರಾಗಿದ್ದರು, ಮತ್ತು ಅವರ ಮೇಲೆ ಹೊರಿಸಲಾದ ಅಪರಾಧವೂ ಈ ನೈಪುಣ್ಯದಿಂದಲೇ ಹುಟ್ಟಿತು.

1950ರ ವಿಶ್ವಕಪ್ ಎರಡನೆಯ ಮಹಾಯುದ್ಧದ ನಂತರದ ಮೊದಲ ವಿಶ್ವಕಪ್. ಅದಕ್ಕೆಂದೇ ರಿಯೊದಲ್ಲಿ ಎರಡು ವರ್ಷಗಳೊಳಗೆ ಮರಕಾನಾ ಕ್ರೀಡಾಂಗಣ ಎದ್ದು ನಿಂತಿತು. ಕೊನೆಗೆ ಆಡಿದ್ದು ಹದಿಮೂರೇ ತಂಡಗಳು. ಬರದೆ ಉಳಿದವುಗಳಲ್ಲಿ ಸ್ವೀಡನ್, ಇಟಲಿ ಮತ್ತು ಪರಾಗ್ವೆಗಳ ಗುಂಪಿನಲ್ಲಿ ಸ್ಥಾನ ಪಡೆದಿದ್ದ ಭಾರತವೂ ಒಂದು. ಎರಡು ವರ್ಷಗಳ ಹಿಂದೆ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಗೋಲು ಕಾದಿದ್ದ ಬೆಂಗಳೂರಿನ ಕೆ. ವಿ. ವರದರಾಜ್ ಅವರ ತಲೆಮಾರಿಗೆ ಮರಕಾನಾದ ಹುಲ್ಲನ್ನು ಮೆಟ್ಟುವ ಅವಕಾಶ ಹೀಗೆ ತಪ್ಪಿಹೋಯಿತೆಂಬುದನ್ನು ನೆನೆದರೆ ಇಂದಿಗೂ ಖೇದವೆನಿಸುತ್ತದೆ.

ಆ ಪಂದ್ಯಾವಳಿಗೆ ಇಂದಿನ ಅರ್ಥದ ಫೈನಲ್ ಇರಲಿಲ್ಲ. ಗುಂಪುಗಳಲ್ಲಿ ಗೆದ್ದ ನಾಲ್ಕು ತಂಡಗಳು ಪರಸ್ಪರ ಒಂದೊಂದು ಪಂದ್ಯ ಆಡಿ, ಗೆಲುವಿಗೆ ಎರಡು ಮತ್ತು ಡ್ರಾಗೆ ಒಂದರಂತೆ ಅಂಕ ಪಡೆದು, ಹೆಚ್ಚು ಅಂಕದ ತಂಡ ವಿಶ್ವವಿಜೇತವಾಗುವ ವ್ಯವಸ್ಥೆ ಅದು. ಬ್ರೆಜಿಲ್ ಈ ಸುತ್ತಿನಲ್ಲಿ ಸ್ವೀಡನ್ನನ್ನು 7-1ರಿಂದಲೂ ಸ್ಪೇನನ್ನು 6-1ರಿಂದಲೂ ಸೋಲಿಸಿ ನಾಲ್ಕು ಅಂಕ ಗಳಿಸಿತ್ತು. ಸ್ಪೇನ್ ಜೊತೆ 2-2ರ ಡ್ರಾ ಮಾಡಿಕೊಂಡು ಸ್ವೀಡನ್ನನ್ನು 3-2ರಿಂದ ದಾಟಿದ್ದ ಉರುಗ್ವೆಗೆ ಮೂರು ಅಂಕಗಳಿದ್ದವು. ಜುಲೈ 16ರ ಪಂದ್ಯದಲ್ಲಿ ಡ್ರಾ ಆದರೂ ಕಪ್ ಬ್ರೆಜಿಲ್‌ನದೇ. ಅದುವರೆಗಿನ ಐದು ಪಂದ್ಯಗಳಲ್ಲಿ ಬ್ರೆಜಿಲ್ 21 ಗೋಲು ಹೊಡೆದಿತ್ತು. ಬಾರ್ಬೋಸಾ ಬಿಟ್ಟುಕೊಟ್ಟದ್ದು ನಾಲ್ಕನ್ನು ಮಾತ್ರ. ಆಟ ಶುರುವಾಗುವುದಕ್ಕೆ ಮೊದಲೇ ಪತ್ರಿಕೆಗಳು ವಿಶ್ವವಿಜೇತರೆಂದು ತಂಡದ ಚಿತ್ರ ಅಚ್ಚುಹಾಕಿದ್ದವು, ನಗರದ ಮೇಯರ್ ಮೈದಾನದಲ್ಲಿಯೇ ಆಟಗಾರರನ್ನು ವಿಜಯಿಗಳೆಂದು ಕರೆದು ಭಾಷಣ ಮಾಡಿದರು. ಟಿಕೆಟ್ ಪಡೆದು ಒಳಬಂದವರ ಸಂಖ್ಯೆ 1,73,850. ಟಿಕೆಟ್ಟಿಲ್ಲದವರನ್ನೂ ಸೇರಿಸಿದರೆ ಎರಡು ಲಕ್ಷದ ಹತ್ತಿರ ಹತ್ತಿರ ಜನ ಸೇರಿದ್ದರೆಂದು ಅಂದಾಜು.

ವಿರಾಮದ ನಂತರ 47ನೆಯ ನಿಮಿಷದಲ್ಲಿ ಫ್ರಿಯಾಸಾ ಅವರ ಗೋಲಿನಿಂದ ಬ್ರೆಜಿಲ್ ಮುಂದಾಯಿತು. ಆಮೇಲೆ ಉರುಗ್ವೆಯ ಬಲಬದಿಯ ವಿಂಗರ್ ಅಲ್ಸಿದೆಸ್ ಗಿಜಿಯಾ ಪಂದ್ಯದ ದಿಕ್ಕನ್ನು ಬದಲಿಸಿದರು. 66ನೆಯ ನಿಮಿಷದಲ್ಲಿ ಅವರು ತಮ್ಮನ್ನು ಕಾಯುತ್ತಿದ್ದ ಬಿಗೋಡೆ ಎಂಬ ರಕ್ಷಣಾ ಆಟಗಾರನನ್ನು ದಾಟಿ ಮೈದಾನದ ಅಂಚಿನಲ್ಲಿ ಓಡಿಬಂದು ಚೆಂಡನ್ನು ಗೋಲಿನ ಮುಂಭಾಗಕ್ಕೆ ಕಳಿಸಿದರು. ಹೀಗೆ ಅಂಚಿನಿಂದ ನಡುವಿಗೆ ಕಳಿಸುವ ಒದೆತಕ್ಕೆ ಕ್ರಾಸ್ ಎಂದು ಹೆಸರು. ಅಲ್ಲಿಗೆ ಓಡಿಬಂದ ಹುವಾನ್ ಸ್ಕಿಯಾಫಿನೊ ಅದನ್ನು ಗೋಲಿಗೆ ಹೊಡೆದು ಅಂಕವನ್ನು 1-1 ಮಾಡಿದರು. ಹದಿಮೂರು ನಿಮಿಷಗಳ ಬಳಿಕ, 79ನೆಯ ನಿಮಿಷದಲ್ಲಿ, ಅದೇ ಗಿಜಿಯಾ ಅದೇ ಅಂಚಿನಲ್ಲಿ ಅದೇ ಬಿಗೋಡೆಯನ್ನು ಹಿಂದೆ ಹಾಕಿ ಮತ್ತೆ ಓಡಿಬಂದರು.

ಇಲ್ಲಿ ನಿಂತು ಗೋಲ್‌ಕೀಪರನ ಕಣ್ಣಿನಿಂದ ನೋಡಬೇಕು. ಚೆಂಡಿನೊಡನೆ ಅಂಚಿನಿಂದ ಬರುವ ಆಟಗಾರನಿಗೆ ಹತ್ತಿರವಿರುವ ಕಂಬವನ್ನು ಸಮೀಪದ ಕಂಬವೆಂದೂ ಆಚೆಯದನ್ನು ದೂರದ ಕಂಬವೆಂದೂ ಕರೆಯುತ್ತಾರೆ. ಗಿಜಿಯಾ ಬರುತ್ತಿದ್ದುದು ಬಾರ್ಬೋಸಾ ಅವರ ಎಡಗಡೆಯಿಂದ, ಆದ್ದರಿಂದ ಎಡಗಂಬವೇ ಸಮೀಪದ ಕಂಬ. ಅಂಚಿಗೆ ಸರಿದಷ್ಟೂ ಆಟಗಾರನಿಗೆ ಗೋಲಿನ ಬಾಯಿ ಕಿರಿದಾಗಿ ಕಾಣುತ್ತದೆ, ನೇರ ಒದೆತಕ್ಕೆ ಜಾಗ ಕಡಿಮೆಯಾಗುತ್ತದೆ. ಅದೇ ಹೊತ್ತಿಗೆ ನಡುವಿನಲ್ಲಿ ಓಡಿಬರುತ್ತಿರುವ ಜೊತೆಗಾರರಿಗೆ ಗೋಲು ಪೂರ್ತಿ ತೆರೆದುಕೊಂಡಿರುತ್ತದೆ. ಗೋಲ್‌ಕೀಪರ್ ಸಮೀಪದ ಕಂಬಕ್ಕೆ ಅಂಟಿಕೊಂಡು ನಿಂತರೆ ನೇರ ಒದೆತ ಮುಚ್ಚಿಹೋಗುತ್ತದೆ, ಆದರೆ ಕ್ರಾಸ್ ಬಂದಾಗ ಅವನು ತಲುಪಲಾರ. ಒಂದೆರಡು ಹೆಜ್ಜೆ ಮುಂದಕ್ಕೂ ಒಳಕ್ಕೂ ಸರಿದರೆ ಕ್ರಾಸನ್ನು ನಡುವೆಯೇ ಹಿಡಿಯಬಹುದು, ಆದರೆ ಕಂಬಕ್ಕೂ ಅವನಿಗೂ ನಡುವೆ ಕಿರಿದಾದ ಸಂದು ಉಳಿಯುತ್ತದೆ. ಎರಡನ್ನೂ ಏಕಕಾಲಕ್ಕೆ ಮುಚ್ಚುವ ನಿಲುವು ಗೋಲ್‌ಕೀಪಿಂಗ್ ಕಲೆಯಲ್ಲಿ ಇಲ್ಲವೇ ಇಲ್ಲ. ಇದ್ದದ್ದು ಆಯ್ಕೆ, ಅದನ್ನು ಮಾಡಲು ದೊರೆತದ್ದು ಒಂದು ಸೆಕೆಂಡಿಗೂ ಕಡಿಮೆ ಸಮಯ.

ಬಾರ್ಬೋಸಾ ಒಳಕ್ಕೆ ಸರಿದರು. ಹದಿಮೂರು ನಿಮಿಷಗಳ ಹಿಂದೆ ಇದೇ ಆಟಗಾರ ಇದೇ ಓಟದ ಕೊನೆಯಲ್ಲಿ ಕ್ರಾಸ್ ಕಳಿಸಿ ಗೋಲು ತಂದುಕೊಟ್ಟಿದ್ದರು, ಈ ಸಲವೂ ನಡುವಿಗೆ ಉರುಗ್ವೆಯ ಆಟಗಾರರು ಧಾವಿಸುತ್ತಿದ್ದರು, ವಿಂಗರ್ ಆಗಿ ಆಡಿ ಬಂದವರಿಗೆ ವಿಂಗರನ ಸಹಜ ಇಚ್ಛೆ ಏನೆಂಬುದು ಗೊತ್ತಿತ್ತು. ಅವರು ಸಂಭವ ಹೆಚ್ಚಿರುವುದನ್ನು ಆರಿಸಿಕೊಂಡರು. ಗೋಲ್‌ಕೀಪರ್ ಕಂಬ ಬಿಟ್ಟು ಸರಿದುದನ್ನು ಕಂಡ ಗಿಜಿಯಾ ಸಂಭವ ಕಡಿಮೆಯಿದ್ದುದನ್ನು ಆರಿಸಿಕೊಂಡು, ಎಡಗಂಬಕ್ಕೂ ಬಾರ್ಬೋಸಾ ಅವರಿಗೂ ನಡುವಿನ ಆ ಸಂದಿನೊಳಕ್ಕೆ ಚೆಂಡನ್ನು ತಗ್ಗಾಗಿ ಹೊಡೆದರು. ಬಾರ್ಬೋಸಾ ಹಿಂದಕ್ಕೆ ಎಡಕ್ಕೆ ಹಾರಿದರು. ಚೆಂಡು ತಮ್ಮ ಕೈಗೆ ತಗುಲಿದ್ದರಿಂದ ಅದನ್ನು ಕಾರ್ನರ್‌ಗೆ, ಅಂದರೆ ಗೋಲಿನ ಹೊರಗಿನ ಗೆರೆಯಾಚೆಗೆ, ತಳ್ಳಿದೆನೆಂದೇ ಭಾವಿಸಿದ್ದಾಗಿಯೂ, ಕ್ರೀಡಾಂಗಣ ಇದ್ದಕ್ಕಿದ್ದಂತೆ ಮೌನವಾದಾಗ ತಿರುಗಿ ನೋಡಿ ಬಲೆಯೊಳಗೆ ಚೆಂಡನ್ನು ಕಂಡದ್ದಾಗಿಯೂ ಅವರು ಮುಂದೆ ಹೇಳಿಕೊಂಡರು. ಪಂದ್ಯ 2-1ಕ್ಕೆ ಮುಗಿಯಿತು. ಫಿಫಾ ಅಧ್ಯಕ್ಷ ಜೂಲ್ಸ್ ರಿಮೆ, ಸಮಾರಂಭವೇ ನಡೆಯದ ಗೊಂದಲದಲ್ಲಿ, ಉರುಗ್ವೆಯ ನಾಯಕ ಒಬ್ದುಲಿಯೊ ವರೇಲಾ ಅವರ ಕೈಗೆ ಕಪ್ಪನ್ನು ಸದ್ದಿಲ್ಲದೆ ಇತ್ತರು.

ಆಯ್ಕೆ ಸರಿಯಾಗಿದ್ದು ಫಲ ತಪ್ಪಾಗುವುದು ಎಲ್ಲ ಕಸುಬುಗಳಲ್ಲಿಯೂ ಉಂಟು, ಗೋಲ್‌ಕೀಪರನಿಗೆ ಮಾತ್ರ ಅದನ್ನು ವಾದಿಸಿ ತೋರಿಸುವ ಅವಕಾಶ ಸಿಗುವುದಿಲ್ಲ. ಸಮೀಪದ ಕಂಬ ಗೋಲ್‌ಕೀಪರನದು ಎಂಬ ನುಡಿ ಫುಟ್‌ಬಾಲ್ ಲೋಕದಲ್ಲಿ ಹಳೆಯದು. ದೂರದ ಕಂಬದ ಬಳಿ ಬಿದ್ದ ಗೋಲಿಗೆ ರಕ್ಷಣಾ ಆಟಗಾರರು ಹೊಣೆ ಹಂಚಿಕೊಳ್ಳುತ್ತಾರೆ, ಸಮೀಪದ ಕಂಬದ ಗೋಲು ಅವನೊಬ್ಬನ ತಲೆಗೇ ಬರುತ್ತದೆ. ನಿಂದೆಯ ಈ ಹಂಚಿಕೆ ಗೋಲ್‌ಕೀಪರರ ನಡವಳಿಕೆಯನ್ನೇ ಬಾಗಿಸುತ್ತದೆಂಬುದಕ್ಕೆ ಇಸ್ರೇಲಿನ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಸಾಕ್ಷಿಯಾಗಿದೆ. 286 ಪೆನಾಲ್ಟಿ ಒದೆತಗಳನ್ನು ಪರಿಶೀಲಿಸಿದ ಅವರು, ಗೋಲ್‌ಕೀಪರ್ ನಡುವಿನಲ್ಲಿಯೇ ನಿಂತರೆ ತಡೆಯುವ ಸಂಭವ ಹೆಚ್ಚೆಂದು ಕಂಡುಕೊಂಡರು; ಆದರೂ ಆ ಒದೆತಗಳಲ್ಲಿ ಗೋಲ್‌ಕೀಪರರು ನೂರಕ್ಕೆ ತೊಂಬತ್ತಮೂರಕ್ಕೂ ಹೆಚ್ಚು ಸಲ ಎಡಕ್ಕೋ ಬಲಕ್ಕೋ ಹಾರಿದ್ದರು. ಹಾರಿ ಸೋತವನನ್ನು ಲೋಕ ಕ್ಷಮಿಸುತ್ತದೆ, ನಿಂತು ಸೋತವನನ್ನು ಕ್ಷಮಿಸುವುದಿಲ್ಲ ಎಂಬುದು ಅವರಿಗೆ ಗೊತ್ತಿರುವುದೇ ಇದರ ಕಾರಣವೆಂದು ಸಂಶೋಧಕರು ವಿವರಿಸಿದರು. ನಿಂದೆಗೆ ಅಂಜಿ ಆಡುವವನಾಗಿದ್ದರೆ ಬಾರ್ಬೋಸಾ ಎಡಗಂಬಕ್ಕೆ ಆತುಕೊಂಡು ನಿಲ್ಲುತ್ತಿದ್ದರು. ಕ್ರಾಸ್ ಬಂದು ಗೋಲಾಗಿದ್ದರೆ ಅವರ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಅವರು ಹಾಗೆ ಆಡಲಿಲ್ಲ, ಗೋಲನ್ನು ತಡೆಯಲು ಆಡಿದರು.

ಆ ಮಧ್ಯಾಹ್ನದ ನೆನಪು ಹೇಗೆ ರೂಪುಗೊಂಡಿತೆಂಬುದನ್ನೂ ಗಮನಿಸಬೇಕು. ಬ್ರೆಜಿಲ್‌ನಲ್ಲಿ ಟೆಲಿವಿಷನ್ ಪ್ರಸಾರ ಆರಂಭವಾದದ್ದು ಅದೇ ವರ್ಷದ ಸೆಪ್ಟೆಂಬರ್ 18ರಂದು, ಎಂದರೆ ಪಂದ್ಯ ಮುಗಿದು ಎರಡು ತಿಂಗಳಾದ ಮೇಲೆ. ದೇಶದ ಬಹುಪಾಲು ಜನ ಆ ಗೋಲನ್ನು ಕಂಡವರಲ್ಲ, ರೇಡಿಯೊದಲ್ಲಿ ಕೇಳಿದವರು. ಉರುಗ್ವೆಯ ಗೋಲು ಎಂಬ ಒಂದೇ ಮಾತನ್ನು ವೀಕ್ಷಕ ವಿವರಣೆಗಾರರೊಬ್ಬರು ಬೇರೆ ಬೇರೆ ದನಿಯಲ್ಲಿ, ತಮಗೆ ತಾವೇ ನಂಬಿಸಿಕೊಳ್ಳುವಂತೆ, ಮತ್ತೆ ಮತ್ತೆ ಹೇಳಿದ್ದು ಅವರ ಕಿವಿಯಲ್ಲಿ ಉಳಿಯಿತು. ಕಣ್ಣಿಗೆ ಸಿಕ್ಕಿದ್ದು ಆಮೇಲೆ ಚಿತ್ರಮಂದಿರಗಳಲ್ಲಿ ತೋರಿಸಿದ ಒಂದು ಸಣ್ಣ, ಮಸುಕಾದ ಚಿತ್ರಸುರುಳಿ. ಅದರಲ್ಲಿ ಬಿಗೋಡೆ ಹಿಂದೆ ಬಿದ್ದದ್ದಾಗಲಿ, ನೆರವಿಗೆ ಬರಬೇಕಾಗಿದ್ದ ಮತ್ತೊಬ್ಬ ರಕ್ಷಣಾ ಆಟಗಾರ ಜುವೆನಾಲ್ ತಡವಾದದ್ದಾಗಲಿ ಮನಸ್ಸಿನಲ್ಲಿ ನಿಲ್ಲುವುದಿಲ್ಲ, ನಿಲ್ಲುವುದು ಬಿದ್ದು ನಿಧಾನವಾಗಿ ಏಳುತ್ತಿರುವ ಗೋಲ್‌ಕೀಪರನ ಆಕಾರವೊಂದೇ. ಬೇರೆ ಬೇರೆ ಕೋನಗಳಿಂದ ಒಂದೇ ಗೋಲನ್ನು ನೂರು ಸಲ ನೋಡಬಹುದಾದ ಇಂದಿನ ಕಾಲದಲ್ಲಾಗಿದ್ದರೆ ಯಾರಾದರೊಬ್ಬರು ಗೆರೆ ಎಳೆದು, ಕೋನ ಅಳೆದು, ಅವರ ಪರವಾಗಿ ಮಾತನಾಡುತ್ತಿದ್ದರೇನೋ.

ಹೊಣೆ ಹೊತ್ತವರು ಬಾರ್ಬೋಸಾ, ಬಿಗೋಡೆ ಮತ್ತು ಜುವೆನಾಲ್. ಮೂವರೂ ಕಪ್ಪು ಜನಾಂಗದವರು. ಡ್ರಾ ಸಾಕಾಗಿದ್ದರೂ ತಂಡ ಮುನ್ನುಗ್ಗಿ ಆಡಿದ್ದಕ್ಕೆ, ಸ್ವೀಡನ್ ಮತ್ತು ಸ್ಪೇನ್ ವಿರುದ್ಧ ಹದಿಮೂರು ಗೋಲು ಹೊಡೆದ ಮುಂಪಡೆ ಅಂದು ಒಂದೇ ಗೋಲಿಗೆ ನಿಂತದ್ದಕ್ಕೆ, ಗಿಜಿಯಾ ಮೊದಲ ಸಲ ದಾಟಿದ ಮೇಲೂ ಆ ಅಂಚಿಗೆ ಮತ್ತೊಬ್ಬ ಕಾವಲಿಗನನ್ನು ಹೊಂದಿಸದ್ದಕ್ಕೆ ಇಷ್ಟು ಕಾಲ ಯಾರನ್ನೂ ಕಟಕಟೆಗೆ ಏರಿಸಲಿಲ್ಲ. ಬ್ರೆಜಿಲ್‌ನ ಫುಟ್‌ಬಾಲ್‌ನಲ್ಲಿ ಕಪ್ಪು ಜನರ ಸ್ಥಾನದ ಬಗ್ಗೆ 1947ರಲ್ಲಿಯೇ ಪುಸ್ತಕ ಬರೆದಿದ್ದ ಪತ್ರಕರ್ತ ಮಾರಿಯೊ ಫಿಲ್ಯೊ, ಮುಂದೆ ಮರಕಾನಾ ಕ್ರೀಡಾಂಗಣಕ್ಕೆ ಯಾರ ಹೆಸರಿಡಲಾಯಿತೋ ಅವರು, 1964ರ ಎರಡನೆಯ ಆವೃತ್ತಿಯಲ್ಲಿ ಈ ಸಂಗತಿಯನ್ನು ಸೇರಿಸಿ, ಸೋಲಿನ ನಂತರ ದೇಶ ತನ್ನ ಕಪ್ಪು ಆಟಗಾರರ ಕಡೆಗೇ ಬೆರಳು ತೋರಿದ್ದನ್ನು ದಾಖಲಿಸಿದರು. ಸೋತ ತಂಡ ತೊಟ್ಟಿದ್ದ ಬಿಳಿಯ ಅಂಗಿಯನ್ನು ಕೂಡ ಅಪಶಕುನವೆಂದು ಕೈಬಿಟ್ಟು, ಪತ್ರಿಕೆಯೊಂದು ನಡೆಸಿದ ಸ್ಪರ್ಧೆಯಲ್ಲಿ ಆಯ್ಕೆಯಾದ ಹಳದಿ ಅಂಗಿಯನ್ನು 1954ರಿಂದ ತೊಡಲಾಯಿತು. ಅಂಗಿಗೆ ಬಣ್ಣ ಬದಲಿಸಿಕೊಳ್ಳುವ ಅವಕಾಶವಿತ್ತು.

ಬಾರ್ಬೋಸಾ ಅವರ ಆಟ ಅಂದಿಗೇ ಮುಗಿಯಿತೆಂಬ ತಿಳಿವಳಿಕೆ ಬಹಳ ಮಂದಿಗಿದೆ. ವಾಸ್ತವ ಬೇರೆ. ಆ ವರ್ಷದ ರಿಯೊ ಚಾಂಪಿಯನ್‌ಶಿಪ್ಪನ್ನು ವಾಸ್ಕೊ ಗೆದ್ದಾಗ ಗೋಲು ಕಾದವರು ಅವರೇ. ಇನ್ನೂ ಗಮನಾರ್ಹವಾದುದು 1951ರ ಏಪ್ರಿಲ್ ತಿಂಗಳಿನದು. ವಿಶ್ವಕಪ್ ಗೆದ್ದ ಉರುಗ್ವೆ ತಂಡದ ಪ್ರಮುಖ ಆಟಗಾರರ ಕ್ಲಬ್ಬಾದ ಪೆನ್ಯಾರೋಲ್ ವಿರುದ್ಧ ಆಡಲು ವಾಸ್ಕೊ ತಂಡ ಮೊಂಟೆವಿಡಿಯೊಗೆ ಹೋಗಿ, ಅವರದೇ ನೆಲದಲ್ಲಿ 3-0ರಿಂದ ಗೆದ್ದುಬಂತು. ಕೆಲವು ದಿನಗಳ ನಂತರ ಮರಕಾನಾದಲ್ಲಿ ನಡೆದ ಪಂದ್ಯವನ್ನೂ 2-0ರಿಂದ ಗೆದ್ದಿತು. ಸುಮಾರು ಒಂಬತ್ತು ತಿಂಗಳ ಹಿಂದೆ ಲಕ್ಷಾಂತರ ಜನರ ಕಣ್ಣೆದುರು ಕುಸಿದನೆಂದು ಹೇಳಲಾದ ಮನುಷ್ಯ ಮೊಂಟೆವಿಡಿಯೊದ ಮೈದಾನದಲ್ಲಿ ತೊಂಬತ್ತು ನಿಮಿಷ ನಿಂತು ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ಬ್ರೆಜಿಲ್‌ನ ಸಾಮಾನ್ಯ ಸ್ಮರಣೆಯಲ್ಲಿ ಈ ಪಂದ್ಯಕ್ಕೆ ಜಾಗವಿಲ್ಲ, ವಾಸ್ಕೊ ಅಭಿಮಾನಿಗಳು ಮಾತ್ರ ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದಾರೆ.

ರಾಷ್ಟ್ರೀಯ ತಂಡಕ್ಕೆ ಅವರು ಮತ್ತೆ ಆಡಿದ್ದು ಒಂದೇ ಸಲ, 1953ರ ದಕ್ಷಿಣ ಅಮೆರಿಕ ಚಾಂಪಿಯನ್‌ಶಿಪ್‌ನಲ್ಲಿ. ಅದೇ ವರ್ಷ ಕ್ಲಬ್ ಪಂದ್ಯವೊಂದರಲ್ಲಿ ಅವರ ಕಾಲು ಮುರಿಯಿತು. 1954ರ ವಿಶ್ವಕಪ್‌ಗೆ ಮರಳುವ ದಾರಿಯೂ ಅಲ್ಲಿಗೆ ಮುಚ್ಚಿತು. ಕಾಲು ಕೂಡಿದ ಮೇಲೆ ಅವರು ಮತ್ತೆ ಆಡಿದರು, ರೆಸಿಫೆ ನಗರದ ಸಾಂತಾ ಕ್ರೂಸ್ ಕ್ಲಬ್ಬಿಗೂ ರಿಯೊದ ಬೊನ್‌ಸುಸೆಸೊ ಕ್ಲಬ್ಬಿಗೂ ಹೋಗಿ, ಪುನಃ ವಾಸ್ಕೊಗೆ ಬಂದು, ಕೊನೆಗೆ ಕಾಂಪೊ ಗ್ರಾಂಡೆ ಎಂಬ ಸಣ್ಣ ಕ್ಲಬ್ಬಿನಲ್ಲಿ 1962ರಲ್ಲಿ, ನಲವತ್ತು ದಾಟಿದ ವಯಸ್ಸಿನಲ್ಲಿ, ಆಟ ನಿಲ್ಲಿಸಿದರು. ಶಿಕ್ಷೆಯೆಂದು ಲೋಕ ಬಗೆದ ಆ ಗೋಲಿನ ನಂತರವೂ ಹನ್ನೆರಡು ವರ್ಷ ಮತ್ತೆ ಮತ್ತೆ ಅದೇ ಕಂಬಗಳ ನಡುವೆ ಹೋಗಿ ನಿಂತವರ ಎದೆಗಾರಿಕೆಯನ್ನು ಅಳೆಯಲು ಅಂಕಿಸಂಖ್ಯೆಗಳಲ್ಲಿ ದಾರಿಯಿಲ್ಲ.

ನಿವೃತ್ತಿಯ ನಂತರ ಅವರು ಹೊಟ್ಟೆಪಾಡಿಗೆ ಹಿಡಿದ ಕೆಲಸ ಮರಕಾನಾ ಕ್ರೀಡಾ ಸಂಕೀರ್ಣದ ಆಡಳಿತ ವಿಭಾಗದ್ದು. ಅಲ್ಲಿಯ ಈಜುಕೊಳದ ಉಸ್ತುವಾರಿ ನೋಡಿಕೊಳ್ಳುತ್ತ, ದಿನವೂ ಆ ಕ್ರೀಡಾಂಗಣದ ನೆರಳಿನಲ್ಲಿಯೇ ಓಡಾಡಿದರು. ಹಳೆಯ ಚೌಕಾಕಾರದ ಮರದ ಗೋಲುಕಂಬಗಳನ್ನು ಬದಲಿಸಿದಾಗ ಅವನ್ನು ಮನೆಗೆ ಒಯ್ದು, ಗೆಳೆಯರನ್ನು ಊಟಕ್ಕೆ ಕರೆದು, ಒಲೆಗೆ ಸೌದೆಯಾಗಿ ಸುಟ್ಟರೆಂಬ ಕಥೆಯೊಂದು ಬ್ರೆಜಿಲ್‌ನಲ್ಲಿ ಬಹಳ ಪ್ರಚಲಿತವಾಗಿದೆ. ಕಥೆ ಹೇಗೇ ಇರಲಿ, ಅದು ಹುಟ್ಟಿ ಹರಡಿದ ರೀತಿಯಲ್ಲಿ ಜನರ ಮನಸ್ಸಿನ ಒಳಗಿದ್ದ ಅಳುಕು ಕಾಣುತ್ತದೆ. ಆ ಮನುಷ್ಯನಿಗೆ ಬಿಡುಗಡೆ ಸಿಗಬೇಕಿತ್ತೆಂದು ಅವರಿಗೂ ಎಲ್ಲೋ ಅನಿಸಿತ್ತು.

ಬಿಡುಗಡೆ ಸಿಗಲಿಲ್ಲ. ಎಪ್ಪತ್ತರ ದಶಕದಲ್ಲಿ ಅಂಗಡಿಯೊಂದರಲ್ಲಿ ಹೆಂಗಸೊಬ್ಬಳು ತನ್ನ ಮಗನಿಗೆ ತಮ್ಮನ್ನು ತೋರಿಸಿ, ಇಡೀ ಬ್ರೆಜಿಲ್ ಅತ್ತದ್ದು ಈ ಮನುಷ್ಯನಿಂದ ಎಂದದ್ದು ತಮ್ಮ ಬಾಳಿನ ಅತ್ಯಂತ ನೋವಿನ ಗಳಿಗೆಯೆಂದು ಬಾರ್ಬೋಸಾ ಹೇಳಿಕೊಂಡಿದ್ದರು. ಪಂದ್ಯದಿನ ಇನ್ನೂ ಹುಟ್ಟಿರದಿದ್ದ ಮಗುವಿಗೆ ಸೋಲು ಪಿತ್ರಾರ್ಜಿತವಾಗಿ ದಾಟಿದ ಬಗೆ ಅದು. 1986ರಲ್ಲಿ ಲೇಖಕ ಪಾವ್ಲೊ ಪೆರ್ದಿಗಾವ್ ಆ ಪಂದ್ಯವನ್ನು ರೇಡಿಯೊ ಪ್ರಸಾರದ ಆಧಾರದ ಮೇಲೆ ಎಳೆಎಳೆಯಾಗಿ ಬಿಡಿಸಿ ಪುಸ್ತಕ ಬರೆದರು. ಪೆರ್ದಿಗಾವ್ ಅವರ ಕಥೆಯನ್ನು ಆಧರಿಸಿ ಜಾರ್ಜೆ ಫುರ್ತಾದೊ ಮತ್ತು ಅನಾ ಲೂಯಿಜಾ ಅಜೆವೆದೊ 1988ರಲ್ಲಿ ‘ಬಾರ್ಬೋಸಾ’ ಎಂಬ ಕಿರುಚಿತ್ರ ತೆಗೆದರು. ಬಾಲ್ಯದಲ್ಲಿ ಆ ಸೋಲನ್ನು ಕಂಡಿದ್ದ ಮನುಷ್ಯನೊಬ್ಬ ಕಾಲಯಂತ್ರದಲ್ಲಿ 1950ಕ್ಕೆ ಮರಳಿ, ಗೋಲಿನ ಹಿಂಬದಿಗೆ ನುಗ್ಗಿ, ಬಾರ್ಬೋಸಾ ಅವರನ್ನು ಎಚ್ಚರಿಸಲು ಕೂಗುತ್ತಾನೆ. ಆ ಕೂಗಿಗೆ ಅವರ ಗಮನ ಒಂದು ಕ್ಷಣ ಸೆಳೆಯಲ್ಪಟ್ಟು, ಚೆಂಡು ಒಳಗೆ ಹೋಗುತ್ತದೆ. ಅದೇ ಚಿತ್ರದಲ್ಲಿ ಮುದುಕರಾದ ಬಾರ್ಬೋಸಾ ಸ್ವತಃ ಕುಳಿತು ಮಾತನಾಡಿದ್ದಾರೆ. ಅವರ ಬಗ್ಗೆ ಬಂದ ಕೃತಿಗಳಲ್ಲೆಲ್ಲ ಈ ಹದಿಮೂರು ನಿಮಿಷಗಳ ಚಿತ್ರವೇ ಹೆಚ್ಚು ನ್ಯಾಯವಂತವಾದುದು, ಏಕೆಂದರೆ ಅದು ಹೊಣೆಯನ್ನು ಗೋಲ್‌ಕೀಪರನಿಂದ ತೆಗೆದು, ಆ ಗೋಲನ್ನು ಮರೆಯಲಾರದೆ ಹೋದವನ ಕೈಗೆ ಇಡುತ್ತದೆ.

1993ರಲ್ಲಿ, ಮರುವರ್ಷದ ವಿಶ್ವಕಪ್‌ಗೆ ಸಿದ್ಧವಾಗುತ್ತಿದ್ದ ರಾಷ್ಟ್ರೀಯ ತಂಡದ ಶಿಬಿರಕ್ಕೆ ಅವರು ಭೇಟಿಗೆ ಹೋದಾಗ, ಅಪಶಕುನವಾದೀತೆಂದು ಒಳಗೆ ಬಿಡದೆ ಹಿಂದಕ್ಕೆ ಕಳುಹಿಸಿದ್ದು ವರದಿಯಾಯಿತು. ಬ್ರೆಜಿಲ್‌ನ ಕಾನೂನಿನಲ್ಲಿ ಅತಿ ಹೆಚ್ಚಿನ ಸೆರೆವಾಸ ಮೂವತ್ತು ವರ್ಷದ್ದು, ತಮ್ಮದು ಐವತ್ತಕ್ಕೆ ಬಂತು ಎಂಬ ಅರ್ಥದ ಮಾತನ್ನು ಅವರು ಕೊನೆಯ ದಿನಗಳಲ್ಲಿ ಆಡಿದರು. ಪತ್ನಿ ಕ್ಲೊಚಿಲ್ದೆ 1997ರಲ್ಲಿ ತೀರಿಕೊಂಡ ಮೇಲೆ ಸಾವ್ ಪಾವ್ಲೊ ಕರಾವಳಿಯ ಪ್ರಾಯಾ ಗ್ರಾಂಡೆ ಎಂಬ ಊರಿನಲ್ಲಿ ನೆಲೆಸಿದ್ದ ಅವರ ಜೀವನ ಸಾಗಿದ್ದು ಹೆಚ್ಚಾಗಿ ವಾಸ್ಕೊ ಕ್ಲಬ್ಬಿನ ನೆರವಿನಿಂದ. 2000ದ ಏಪ್ರಿಲ್ 7ರಂದು, 79ನೆಯ ವಯಸ್ಸಿನಲ್ಲಿ, ಅವರು ನಿಧನರಾದರು. ಆ ಗೋಲು ಹೊಡೆದ ಗಿಜಿಯಾ ತೀರಿಕೊಂಡದ್ದು 2015ರಲ್ಲಿ. ದಿನ, ವಿಚಿತ್ರವೆಂಬಂತೆ, ಜುಲೈ 16.

1950ರ ನಂತರ ಬ್ರೆಜಿಲ್‌ನ ಗೋಲು ಕಾಯುವ ಕೆಲಸ ಕಪ್ಪು ಜನಾಂಗದವರಿಗೆ ಹೊಂದುವುದಿಲ್ಲವೆಂಬ ನಂಬಿಕೆ ದಶಕಗಟ್ಟಲೆ ಬಾಯಿಂದ ಬಾಯಿಗೆ ಹರಿಯಿತು. ಪೆಲೆ ಮತ್ತು ಗಾರಿಂಚಾ ಅವರನ್ನು ತಲೆಯ ಮೇಲೆ ಹೊತ್ತು ಮೆರೆಸಿದ ದೇಶ ಒಂದು ಸ್ಥಾನದ ಮಟ್ಟಿಗೆ ಮಾತ್ರ ಈ ಗೆರೆಯನ್ನು ಉಳಿಸಿಕೊಂಡಿತು. ವಿಶ್ವಕಪ್‌ನಲ್ಲಿ ಮೊದಲ ಆಯ್ಕೆಯ ಗೋಲ್‌ಕೀಪರಾಗಿ ಮತ್ತೊಬ್ಬ ಕಪ್ಪು ಆಟಗಾರ ಬ್ರೆಜಿಲ್‌ನ ಅಂಗಿ ತೊಡಲು 56 ವರ್ಷ ಹಿಡಿಯಿತು. ಅವರು ಡೀಡಾ. 2006ರಲ್ಲಿ ಜರ್ಮನಿಯಲ್ಲಿ ನಡೆದ ಆ ವಿಶ್ವಕಪ್‌ನ ಐದು ಪಂದ್ಯಗಳಲ್ಲಿ ಬ್ರೆಜಿಲ್ ಬಿಟ್ಟುಕೊಟ್ಟದ್ದು ಎರಡೇ ಗೋಲು. ಎರಡನೆಯದು ಫ್ರಾಂಕ್‌ಫರ್ಟ್‌ನ ಕ್ವಾರ್ಟರ್ ಫೈನಲ್‌ನಲ್ಲಿ, ಫ್ರಾನ್ಸ್ ತಂಡದ ಜಿದಾನ್ ಅವರ ಫ್ರೀಕಿಕ್ಕನ್ನು ದೂರದ ಕಂಬದ ಬಳಿ ಒಂಟಿಯಾಗಿ ನಿಂತಿದ್ದ ಥಿಯರಿ ಆನ್ರಿ ಒಳಕ್ಕೆ ಒದ್ದಾಗ ಬಂದದ್ದು. ಅದರಿಂದ ಬ್ರೆಜಿಲ್ 0-1ಕ್ಕೆ ಸೋತು ಹೊರಬಿತ್ತು. ದೇಶ ಮತ್ತೆ ಸಿಟ್ಟಾಯಿತು, ಪತ್ರಿಕೆಗಳು ಮತ್ತೆ ಹೊಣೆಗಾರರನ್ನು ಹುಡುಕಿದವು, ಆನ್ರಿ ಅವರನ್ನು ಕಾಯದೆ ಬಾಗಿ ನಿಂತಿದ್ದ ರಕ್ಷಣಾ ಆಟಗಾರನ ಚಿತ್ರ ಎಲ್ಲೆಡೆ ಅಚ್ಚಾಯಿತು. ಡೀಡಾ ಎಲ್ಲಿ ನಿಂತಿದ್ದರೆಂದು ಆ ಸಲ ಕೇಳಿದವರು ಕಡಿಮೆ.